ಕುವೈತಿನ ಕ್ಯಾಸೆಟ್ಟಿನ ಎರಡನೇ ಬದಿ

ನಾನು ಅಕ್ಕನ ಮನೆಗೆ ಹೋಗಿದ್ದದ್ದು ತೊಂಬತ್ತರ ಜುಲೈನಲ್ಲಿ ಎಂದು ನನ್ನ ನೆನಪು. ಅಕ್ಕ ಜೂನ್ ಎನ್ನುತ್ತಾಳೆ. ಕೆಲವು ವಿವರ ತಪ್ಪಿರಬಹುದು. ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಮಾತ್ರ ಅನುಮಾನವಿಲ್ಲ.

ಅಕ್ಕ ಆಗಿನ ಔರಂಗಾಬಾದಿನಲ್ಲಿ ಅತ್ತೆಯೊಂದಿಗಿದ್ದಳು. ಭಾವ ಕುವೈತಿನ ತೈಲ ಘಟಕದಲ್ಲಿ ಫಿಟ್ಟರ್. ಅತ್ತೆಗೆ ಓದು ಬಾರದ್ದರಿಂದ ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಮೊದಲ ಬದಿಯನ್ನು ಮನೆಯವರೆಲ್ಲ ಕೂತು ಕೇಳಬೇಕು. ಎರಡನೆಯದು ಅಕ್ಕನಿಗೊಬ್ಬಳಿಗೆ, ಬಾಗಿಲು ಹಾಕಿಕೊಂಡು.

ಎಂ.ಎ. ಓದಿದವಳು ನಾನು, ನಾಸಿಕದಲ್ಲಿ ಬ್ಯಾಂಕ್ ಗುಮಾಸ್ತನ ಹೆಂಡತಿ. ಅಕ್ಕ ಮೆಟ್ರಿಕ್ ನಪಾಸು. ಅವಳ ಫಾರಿನ್ ಸೀರೆಗಳನ್ನು ನೋಡಿ ನನ್ನ ಮುಖ ಬಿಗಿದಿರಬೇಕು.

"ನಿಂದೇನವಾ, ಗಂಡ ಸಂಜೀಕ ಮನೀಗಿ ಬರ್ತಾನ. ನಂದು ಟೇಪಿನ್ಯಾಗಿನ ಸಂಸಾರ," ಎಂದು ನಕ್ಕಳು.

ಅಕ್ಕ, ಅತ್ತೆ ಇಬ್ಬರೂ ತರಕಾರಿ ತರಲು ಭಾಜಿ ಮಂಡಿಗೆ ಹೋದಾಗ ಎರಡನೇ ಬದಿ ಹಾಕಿದೆ. ಬಂಗಾರ, ಸೆಂಟಿನ ಮಾತಿರುತ್ತದೆ ಎಂದುಕೊಂಡಿದ್ದೆ.

"ಉಂಡೀ ಏನ? ಬೆನ್ನು ನೋವು ಹ್ಯಾಂಗದ? ಅವ್ವನ ಮಾತು ಮನಸಿಗಿ ಹಚ್ಕೋಬ್ಯಾಡ."

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದೆ ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಆದರೆ ಆ ಟೇಪಿನಲ್ಲಿ ರೆಕಾರ್ಡಾಗಲು ಎರಡು ಗುಂಡಿಗಳನ್ನು ಒಟ್ಟಿಗೇ ಒತ್ತಬೇಕಿತ್ತು. ಭಾವನ ಮಾತು ಅಳಿಯುತ್ತ ಬದಿ ಮುಗಿಯುವವರೆಗೂ ನಾನು ಅಲ್ಲೇ ಕೂತಿದ್ದೆ.

ನಾಸಿಕಕ್ಕೆ ಮರಳಿದ ಮೇಲೆ, ಆಗಸ್ಟಿನ ಮೊದಲಲ್ಲಿ, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು.

"ನಮ್ಮ ಬಾವಿ ಎಣ್ಣಿ ಕದ್ದೀರಿ, ಜಾಸ್ತಿ ತಗದು ದರಾ ಬೀಳ್ಸೀರಿ ಅಂತ ಇರಾಕಿನವರ ತಂಟೆ ಮೊದ್ಲೇ ಇತ್ತು. ಮಾತುಕತಿ ಮುರದು ಬಿತ್ತು ನೋಡು," ಎಂದರು ಗಂಡ, ಪೇಪರಿನಿಂದ ತಲೆಯೆತ್ತದೆ.

ನನಗೆ ಮೊದಲು ಹೊಳೆದದ್ದು ಭಾವನ ಜೀವವಲ್ಲ. ನಮ್ಮಲ್ಲೂ ಸೀಮೆಎಣ್ಣೆಗೆ ನೂಕಾಟ ಶುರುವಾಗಿತ್ತು. "ಏ ಬಾಯಿ, ಮಧ್ಯೆ ಘುಸೂ ನಕೋ!" ಎಂದು ನಡುವೆ ನುಗ್ಗಿದ್ದಕ್ಕೆ ಬೈಸಿಕೊಳ್ಳುತ್ತ ಡಬ್ಬಿ ಹಿಡಿದು ನಿಂತಾಗ, ಇನ್ನು ಅಕ್ಕನೂ ಹೀಗೆ ನಿಲ್ಲಲಿ ಎಂದುಕೊಂಡೆ.

ವಾರಗಟ್ಟಲೆ ಭಾವನ ಸುದ್ದಿಯಿಲ್ಲ. ಒಂದು ದಿನ ಅಕ್ಕ ಅವರ ದನಿ ಕೇಳಬೇಕೆಂದು ಆ ಬದಿ ಹಾಕಿದಳಂತೆ. ಮೊದಲಿನೆರಡು ಮಾತು ಬಿಟ್ಟರೆ ಬರೀ ಫ್ಯಾನಿನ ಸದ್ದು, ನಡುವೆ ಒಂದು ಕೆಮ್ಮು. ಆಮೇಲೆ ಎರಡು ದಿನ ಅವಳು ಉಣ್ಣಲಿಲ್ಲ ಎಂದು ಅತ್ತೆ ಹೇಳಿದರು.

ಭಾವ ಕೊನೆಗೆ ಗಡಿ ದಾಟಿ ಅಮ್ಮಾನ್ ನಗರದ ಮೂಲಕ ಬಂದರು, ಒಂದೇ ಚೀಲ ಹಿಡಿದು. ಅವತ್ತು ಅಕ್ಕನ ಮನೆಯಲ್ಲೇ ಇದ್ದ ನನಗೆ ನಿಜವಾಗಿಯೂ ಸಮಾಧಾನವಾಯಿತು. ಆದರೆ ಬಾಗಿಲಲ್ಲೇ ಅವರು ಅಕ್ಕನ ಬೆನ್ನು ನೋವು ವಿಚಾರಿಸಿದಾಗ ಮತ್ತೆ ಹೊಟ್ಟೆ ಉರಿಯಿತು.

ಕ್ಯಾಸೆಟ್ಟಿನ ವಿಷಯ ಅಕ್ಕ ಎಂದೂ ಎತ್ತಲಿಲ್ಲ. ಕಳೆದ ವರ್ಷ ಅವಳು ಮೆಂತ್ಯ ಸೋಸುತ್ತಿದ್ದಾಗ ನಾನೇ ಕೇಳಿದೆ.

"ಆ ಕೆಮ್ಮು ನಂದು ಅಂತ ನಿಂಗ ಆವಾಗ್ಲೇ ಗೊತ್ತಾಗಿತ್ತೇನ, ಅಕ್ಕಾ?"