ಹೆಸರಿನ ಮೇಲೆ ಏನು ನೇಯಲಿ?

ನಮ್ಮ ಕಡೆಯ ಸಚಿವರೊಬ್ಬರು ಮಾಜಿಯಾದ ಗಳಿಗೆಯಲ್ಲಿ ನಾನು ಮೊಳಕಾಲ್ಮೂರಿನ ಮಗ್ಗದ ಮನೆಯೊಂದರಲ್ಲಿ ಕಾಫಿ ಕುಡಿಯುತ್ತಿದ್ದೆ.

ತಂಗಿಯ ಮದುವೆಗೆ ಸೀರೆ ನೇಯಿಸಬೇಕಿತ್ತು. ನೇಕಾರ ವೆಂಕಟೇಶಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, 'ಇದೊಂದು ಮುಗೀಲಿ ಸಾರ್, ಆಮೇಲೆ ನಿಮ್ದೇ' ಎನ್ನುತ್ತಿದ್ದರು. ಅಷ್ಟರಲ್ಲಿ ರೇಡಿಯೋ ವಾರ್ತೆ. ಸಂಪುಟ ಪುನಾರಚನೆ! ಕೈಬಿಟ್ಟವರ ಪಟ್ಟಿಯಲ್ಲಿ ನಮ್ಮ ಸಚಿವರೂ ಇದ್ದರು. ವೆಂಕಟೇಶಪ್ಪನವರ ಲಾಳಿ ಅಲ್ಲೇ ನಿಂತಿತು.

ಯಾಕೆ ಗೊತ್ತಾ? ಮಗ್ಗದ ಮೇಲಿದ್ದದ್ದು ಅದೇ ಸಚಿವರ ಸನ್ಮಾನದ ರೇಷ್ಮೆ ಶಾಲು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ರುದ್ರಣ್ಣನ ಆರ್ಡರ್. (ಸನ್ಮಾನ ಸಮಿತಿಗೆ ಅಧ್ಯಕ್ಷ, ಖಜಾಂಚಿ ಎರಡೂ ಅವರೇ.) ಕೊನೆಯ ಅಂಚಿನಲ್ಲಿ ಜರಿಯ ಅಕ್ಷರ ಬೇಕು ಅಂದಿದ್ದರು. ಮೇಲೆ 'ಮಾನ್ಯ ಸಚಿವರು', ಕೆಳಗೆ ಹೆಸರು.

ನಾವು ಮೇಲಿನಿಂದ ಕೆಳಕ್ಕೆ ಬರೆಯುತ್ತೇವೆ. ಮಗ್ಗದಲ್ಲಿ ಬಟ್ಟೆ ನೇಕಾರನ ಹೊಟ್ಟೆಯ ಕಡೆಯಿಂದ ಶುರುವಾಗಿ ಆಚೆಗೆ ಬೆಳೆಯುತ್ತದೆ. ಹಾಗಾಗಿ ಕೆಳಗಿನ ಸಾಲು ಮೊದಲು. ಹೆಸರು ನೇಯ್ದಾಗಿತ್ತು. ಪದವಿ ಇನ್ನೂ ಬಾಕಿ!

ಪಕ್ಕದ ಎಸ್‌ಟಿಡಿ ಬೂತಿನಿಂದ ರುದ್ರಣ್ಣನಿಗೆ ಫೋನ್ ಹೋಯಿತು. 'ಸನ್ಮಾನ ಕ್ಯಾನ್ಸಲ್ ಕಣಯ್ಯಾ. ಆ ಶಾಲು ನಂಗ್ಯಾಕೆ?' ಎಂದು ಆ ಕಡೆಯಿಂದ ಫೋನ್ ಇಟ್ಟರು.

ವೆಂಕಟೇಶಪ್ಪನವರ ಹೆಂಡತಿ ಪದ್ಮಮ್ಮ ತೆಲುಗಿನಲ್ಲಿ, 'ಇಪ್ಪುಡೇಂ ಚೇಸ್ತಾಂ?' ಎಂದರು. ಈಗೇನು ಮಾಡೋದು? ಮನೆಗಿರುವುದು ಒಂದೇ ಮಗ್ಗ. ಶಾಲು ಇಳಿಯದೆ ಬೇರೆ ಸೀರೆಯ ಹಾಸುನೂಲು ಏರುವುದಿಲ್ಲ, ಹಾಸು ಏರದೆ ಒಲೆ ಉರಿಯುವುದಿಲ್ಲ.

'ಪೇಪರಿಗೆ ಬರೆಯೋರು, ನೀವೇ ಹೇಳ್ರಿ ಸಾರ್. ಹೆಸರಿನ ಮೇಲೆ ಏನು ಹಾಕ್ಲಿ? ಚೆನ್ನಾಗಿ ಹಾಕಿದ್ರೆ ಅವರ ಕಡೆಯೋರು ಯಾರಾದ್ರೂ ತಗಂಡಾರು' ಎಂದರು ವೆಂಕಟೇಶಪ್ಪ.

ನಾನು ತಲೆ ಕೆರೆದುಕೊಂಡೆ. 'ಮಾಜಿ ಸಚಿವರು'? ಅದನ್ನು ಯಾರು ಖುಷಿಯಿಂದ ಹೊದೆಯುತ್ತಾರೆ? 'ಜನನಾಯಕ'? (ಅದು ಕುರ್ಚಿ ಕಳಕೊಂಡವರಿಗೆ ಕೊಡುವ ಸಮಾಧಾನಕರ ಬಹುಮಾನ.)

ಈ ಮನುಷ್ಯನ ದಾರಿಯೇ ನನಗೊಂದು ಕುತೂಹಲ. ಮೊದಲ ಎಲೆಕ್ಷನ್ನಿಗೆ ಬಾಡಿಗೆ ಜೀಪು, ಸೋಲು. ಎರಡನೆಯದಕ್ಕೆ ಇದೇ ಓಣಿಯಲ್ಲಿ ಮಗ್ಗದ ಪಕ್ಕ ನೆಲದ ಮೇಲೆ ಕೂತು, ತೆಲುಗಿನಲ್ಲಿ ಮಾತಾಡಿ ಗೆದ್ದರು. ಆಮೇಲೆ ಪಕ್ಷ ಬದಲಾಯಿತು, ಕಾರು ಬದಲಾಯಿತು, ಕಾರಿನ ಮೇಲೆ ಕೆಂಪು ದೀಪ ಬಂತು. ಆ ದೀಪ ಆರಿದ ಮರುದಿನ ಬೆಳಿಗ್ಗೆ ಇಂಥವರು ಎದ್ದು ಏನು ಮಾಡುತ್ತಾರೆ? ಯಾರನ್ನು ಕೇಳುವುದು ಹೇಳಿ.

ವಾರದ ಕೊನೆಗೆ ಸೀರೆಯ ಬಣ್ಣ ತೋರಿಸಲು ಮತ್ತೆ ಹೋದೆ. ಮಗ್ಗ ಹಾಗೇ ನಿಂತಿತ್ತು. ನಾನು ಕೂತಿದ್ದಾಗಲೇ, 'ಬಾಗುನ್ನಾರಾ?' ಎಂದು ತೆಲುಗಿನಲ್ಲೇ ಕ್ಷೇಮ ವಿಚಾರಿಸುತ್ತಾ ಮಾಜಿ ಸಚಿವರೇ ಒಳಗೆ ಬಂದರು! ಶಾಲಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತಂತೆ. ಜೊತೆಗೆ ಡ್ರೈವರ್ ಒಬ್ಬನೇ.

ಬಗ್ಗಿ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಅದರಾಚೆಯ ಬರೀ ಎಳೆಗಳನ್ನು ನೋಡಿದರು.

'ಇಲ್ಲಿ ಜಾಗ ಖಾಲಿ ಬಿಟ್ರೆ, ಆಮೇಲೆ ಹಾಕ್ಬಹುದಾ?'

'ಮಗ್ಗದಿಂದ ಇಳಿದ ಮೇಲೆ ಆಗಲ್ಲ ಸಾರ್.'

'ಹಂಗಾದ್ರೆ ಇಳಿಸ್ಬ್ಯಾಡ. ಇನ್ನೊಂದು ಸಂಪುಟ ವಿಸ್ತರಣೆ ಐತೆ, ನೋಡಾನ.'

ತಮಾಷೆಗೆ ಹೇಳಿದ್ದಲ್ಲ. ಮುಖ ನೋಡಿದರೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ವೆಂಕಟೇಶಪ್ಪ ಕೈಕಟ್ಟಿ ನಿಂತಿದ್ದರು. (ನಾನೂ ಸುಮ್ಮನಿದ್ದೆ, ಪೇಪರಿಗೆ ಬರೆಯೋನು!)

ಬಾಯಿಬಿಟ್ಟವರು ಪದ್ಮಮ್ಮ. 'ನಿಮ್ ಕುರ್ಚಿ ಖಾಲಿಯಾದ್ರೆ ಬೇರೆಯೋರು ಬಂದು ಕೂತ್ಕಂತಾರೆ ಸಾರ್. ನಮ್ ಮಗ್ಗ ನಿಂತ್ರೆ ನಾವೇನ್ ತಿನ್ನಾನ?'

ಮಾಜಿಗಳು ಹೆಸರಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು. ಆಮೇಲೆ, 'ಕೊಯ್ಕೊಡಪ್ಪಾ' ಎಂದರು.

ಗೊಂಡೆ ಕಟ್ಟುವಷ್ಟು ಎಳೆ ಬಿಟ್ಟು ವೆಂಕಟೇಶಪ್ಪ ಕತ್ತರಿಸಿದರು. ದುಡ್ಡು ಮಾಜಿಗಳೇ ಕೊಟ್ಟರು, ಚೌಕಾಸಿ ಇಲ್ಲದೆ. ಶಾಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ನಡೆದರು. ಹೊರಗೆ ಓಣಿಯ ಜನ ನಿಂತಿದ್ದರು. ತಟ್ಟನೆ ಶಾಲು ತೆಗೆದು, ಹೆಸರು ಒಳಗೆ ಬರುವಂತೆ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಕಡೆ ಹೋದರು.

ಬರೀ ಹೆಸರು ಹೊದ್ದು ಒಂದು ಓಣಿ ದಾಟುವುದು ಅಷ್ಟು ಕಷ್ಟವೇನ್ರೀ?