ಬಿರಡೆ ಮುಟ್ಟದ ತಂಬೂರಿ

ದೆವ್ವ ಭೂತಗಳ ಮಾತೆತ್ತಿದವರ ಜೊತೆ ನಾನು ಜಗಳಕ್ಕೇ ನಿಲ್ಲುವವಳು. ಆದರೂ ಎಪ್ಪತ್ತರ ದಶಕದಲ್ಲಿ, ನಮ್ಮ ರಾಜಾಜಿನಗರದ ಮನೆಯಲ್ಲಿ, ಸತ್ತವಳೊಬ್ಬಳು ದಿನಾ ಬೆಳಿಗ್ಗೆ ಓಗೊಡುತ್ತಿದ್ದಳು. ನನ್ನ ಕಿವಿಯಾರೆ ಕೇಳಿದ್ದೇನೆ, ಇಲ್ಲವೆಂದು ಹೇಗೆ ಹೇಳಲಿ?

ಅವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು, ಧಾರವಾಡದ ಕಡೆಯ ಊರಿನಿಂದ ಒಂದು ತಂಬೂರಿಯನ್ನು ತಬ್ಬಿಕೊಂಡು ತಮ್ಮನ ಮನೆಗೆ ಬಂದವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳೂ ಅವಳೇ. ಅತ್ತೆ ವಚನಗಳನ್ನು ಹಾಡುತ್ತಿದ್ದಳು. ನಾನು ಹಿಂದೆ ಕೂತು ತಂಬೂರಿ ಮೀಟುತ್ತಾ ಅವಳ ದನಿಗೆ ದನಿ ಸೇರಿಸುತ್ತಿದ್ದೆ. ಅವಳದು ಎತ್ತರದ ಶ್ರುತಿ, ಹಾರ್ಮೋನಿಯಂನಲ್ಲಿ ಕಪ್ಪು ಐದು. ನನ್ನ ಗಂಟಲು ಹುಟ್ಟಿದ್ದೇ ತಗ್ಗಿನಲ್ಲಿ. ಅವಳ ಶ್ರುತಿಗೆ ಏರಿ ಏರಿ ಹಾಡಿದ ಸಂಜೆ ನನಗೆ ಅನ್ನ ನುಂಗುವುದೂ ಕಷ್ಟವಾಗುತ್ತಿತ್ತು. ಹೇಳಿದರೆ, "ರೂಢಿ ಆಗ್ತದ ಬಿಡು" ಅನ್ನುತ್ತಿದ್ದಳು. ಆಗಲೇ ಇಲ್ಲ.

ಲಂಡನ್ನಿನಲ್ಲಿದ್ದ ಕೆಲವು ಕನ್ನಡ ಮನೆಯವರು ಸೇರಿ ಅತ್ತೆಯನ್ನು ಹಾಡಲು ಕರೆದಿದ್ದರು. ಪಾಸ್‌ಪೋರ್ಟ್ ಬಂತು, ಉಣ್ಣೆಯ ಕೋಟು ಬಂತು. ಕನ್ನಡಿ ಮುಂದೆ ನಿಂತು ಕೋಟು ಹಾಕಿಕೊಂಡು, ಹಣೆಯ ವಿಭೂತಿ ಸರಿಮಾಡಿಕೊಂಡು, "ಥೇಟ್ ಪೊಲೀಸಪ್ಪನಂಗ ಕಾಣ್ತೀನಿ ನೋಡು" ಎಂದು ನಕ್ಕಳು. ಅದೇ ವಾರ ಒಂದು ಮಧ್ಯಾಹ್ನ ಅಭ್ಯಾಸಕ್ಕೆಂದು ಶ್ರುತಿ ಕೂಡಿಸಿ, ತಂಬೂರಿಯನ್ನು ಮೂಲೆಗೆ ಒರಗಿಸಿ, ಸ್ವಲ್ಪ ಹೊತ್ತು ಅಡ್ಡಾಗುತ್ತೇನೆ ಎಂದು ಮಲಗಿದವಳು ಏಳಲಿಲ್ಲ.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ಅಪ್ಪ ಬೆಳಿಗ್ಗೆ ಎದ್ದು, ರೂಢಿ ಬಲದಿಂದ, ಅವಳ ಕೋಣೆಯ ಬಾಗಿಲಲ್ಲಿ ನಿಂತು ಕರೆದುಬಿಟ್ಟರು. "ಅಕ್ಕಾ, ಚಾ ಆತು." ಮೂಲೆಯ ತಂಬೂರಿ ಝೇಂ ಎಂದಿತು. ಮೆತ್ತಗೆ, ಬಹಳ ಹೊತ್ತು.

ಇದರಲ್ಲಿ ಮಾಯವಿಲ್ಲ, ಮಂತ್ರವಿಲ್ಲ. ಎದುರಿನ ದನಿ ತಂತಿಯ ಶ್ರುತಿಗೆ ಸರಿಯಾಗಿ ಕೂಡಿದರೆ ಯಾರೂ ಮುಟ್ಟದೆ ತಂತಿ ಮಿಡಿಯುತ್ತದೆ. ಅಭ್ಯಾಸಕ್ಕೆ ಕೂತ ಅಕ್ಕನನ್ನು ಇಪ್ಪತ್ತು ವರ್ಷ ಕರೆದೂ ಕರೆದೂ ಅಪ್ಪನ ಕರೆ ಅವಳ ಶ್ರುತಿಯಲ್ಲೇ ಕೂತುಬಿಟ್ಟಿತ್ತು, ಅಷ್ಟೇ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು. ಹತ್ತಿರದ ಕಾರ್ಖಾನೆಯ ಸೈರನ್ ಕಿವಿ ಕಿತ್ತುಹೋಗುವಂತೆ ಕೂಗಿದರೂ ಮಿಸುಕದ ತಂಬೂರಿ, ಅಪ್ಪನ ಒಂದು ಮಾತಿಗೆ ಓಗೊಟ್ಟಿತ್ತು. ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತರು. ಅವರು ಅತ್ತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಲ್ಲಿಂದ ಮುಂದೆ ದಿನವೂ ಅದೇ. ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುವುದು, ಅಕ್ಕಾ ಎನ್ನುವುದು, ಓಗೊಟ್ಟ ಮೇಲೆ ಕಚೇರಿಗೆ ಹೊರಡುವುದು. ಬಿಸಿಲಿಗೆ ತಂತಿ ಒಂದು ಕೂದಲೆಳೆ ಇಳಿದರೆ, ತಂತಿ ಹಾಯುವ ಕುದುರೆಯ ಕೆಳಗಿನ ಮಣಿ ಸರಿಸಿ ಸರಿಮಾಡಲು ನನಗೆ ಅಪ್ಪಣೆಯಿತ್ತು. ತಂತಿ ಬಿಗಿಯುವ ಬಿರಡೆಗೆ ಮಾತ್ರ ಕೈ ಹಚ್ಚುವಂತಿರಲಿಲ್ಲ. "ಬಿರಡಿ ಅಕ್ಕ ತಿರುವಿದ್ದು. ಅದನ್ನ ಮುಟ್ಟಬ್ಯಾಡ" ಎಂದಿದ್ದರು ಅಪ್ಪ.

ಲಂಡನ್ನಿನವರು, ಅತ್ತೆಯ ಬದಲು ನೀವಾದರೂ ಬಂದು ಹಾಡಿ ಎಂದರು. ನನಗೆ ಮನಸ್ಸಿರಲಿಲ್ಲ. ಅಪ್ಪನೇ ಹಟ ಹಿಡಿದರು. "ವಿಮಾನ ಹತ್ತಬೇಕಂತ ಅಕ್ಕಗ ಭಾಳ ಆಸೆ ಇತ್ತು. ತಂಬೂರಿನಾದ್ರೂ ಹತ್ತಲಿ."

ಮಾಗಡಿ ರಸ್ತೆಯ ಬಡಗಿಯೊಬ್ಬರಿಂದ ಮರದ ಪೆಟ್ಟಿಗೆ ಮಾಡಿಸಿದೆವು. ಒಳಗೆ ಅತ್ತೆಯ ಕೌದಿ ಹಾಸಿದೆವು. ನನ್ನ ಜೊತೆ ಬರಬೇಕಿದ್ದ ತಬಲಾದವರು ವಿಜಯನಗರದವರು, ಊರೂರು ಸುತ್ತಿದ್ದವರು. ಪೆಟ್ಟಿಗೆ ನೋಡಿ ಹಣೆ ಚಚ್ಚಿಕೊಂಡರು.

"ಅಲ್ಲಾ ಸಾರ್, ತಂತಿ ಬಿಗಿಯಾಗಿಟ್ಟು ಯಾರಾದ್ರೂ ಪ್ಲೇನ್‌ಗೆ ಹಾಕ್ತಾರಾ? ಕೆಳಗಿನ ಸೋರೆ ಬುರುಡೆ ಸೀಳಿ ಹೋಗುತ್ತೆ. ಈಗ ಸಡಿಲ ಮಾಡಿ, ಅಲ್ಲಿ ಹೋಗಿ ಏರಿಸ್ಕೊಂಡ್ರಾಯ್ತು."

"ಅಲ್ಲಿ ಏರಸಾಕ ಅಕ್ಕ ಇರಂಗಿಲ್ಲಲ್ಲರೀ" ಎಂದರು ಅಪ್ಪ.

ತಬಲಾದವರು ನನ್ನ ಮುಖ ನೋಡಿದರು. ಅವರು ಹೇಳಿದ್ದು ಸರಿ ಎಂದು ಮೂರೂ ಜನಕ್ಕೆ ಗೊತ್ತಿತ್ತು. ಆದರೂ ನಾನು ಕೌದಿಯ ಅಂಚು ಮಡಚಿ ಪೆಟ್ಟಿಗೆಯ ಮುಚ್ಚಳ ಹಾಕಿದೆ. ಮುಚ್ಚುವ ಮೊದಲು ಬಿಗಿದ ತಂತಿಗಳ ಮೇಲೆ ಒಂದು ಮುಷ್ಟಿ ವಿಭೂತಿ ಉದುರಿಸಿದ್ದರು ಅಪ್ಪ.

ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಗೆ ಆ ಬೂದಿ ಕಂಡು ಅನುಮಾನ ಬಂತು. ಬುರುಡೆಯನ್ನು ಬೆರಳಿಂದ ತಟ್ಟಿದರು, ಕಿವಿಯಿಟ್ಟು ಕೇಳಿದರು. ಯಾರದಿದು ಎಂದು ಹಿಂದಿಯಲ್ಲಿ ಕೇಳಿದರು. ನಮ್ಮತ್ತೆಯದು ಎಂದೆ. ಅವರೆಲ್ಲಿ ಎಂದರು. ಬೆಂಗಳೂರಲ್ಲಿದ್ದಾರೆ ಎಂದೆ. ಸುಳ್ಳು ಹೇಳಿದೆ ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಲೇ ಇಲ್ಲ. ಹಾಗಾದರೆ ನುಡಿಸಿ ತೋರಿಸಿ ಎಂದರು. ಟ್ರಂಕು, ಹಾಸಿಗೆ ಸುರುಳಿಗಳ ನಡುವೆ ನೆಲದ ಮೇಲೆ ಕೂತು ನಾಲ್ಕೂ ತಂತಿ ಮೀಟಿದೆ. ಅತ್ತೆ ಬಿಟ್ಟುಹೋದ ಶ್ರುತಿ ತುಂಬಿಕೊಂಡು ಬಂತು. ಸಾಲಿನಲ್ಲಿದ್ದವರು ಇತ್ತ ತಿರುಗಿದರು. ಅಧಿಕಾರಿ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರು.

ಆ ಶ್ರುತಿ ಕೇಳಿಸಿದ್ದು ಅದೇ ಕಡೆಯ ಸಲ.

ಲಂಡನ್ನಿನಲ್ಲಿ ನಾವು ಇಳಿದುಕೊಂಡಿದ್ದ ಮನೆಯಲ್ಲಿ ಪೆಟ್ಟಿಗೆ ತೆಗೆದೆ. ಬುರುಡೆ ಸೀಳಿರಬಹುದೆಂದು ಮೊದಲು ಅದನ್ನೇ ಸವರಿ ನೋಡಿದೆ. ಸೀಳಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ಒಣ ಚಳಿಗೆ ಬಿರಡೆಗಳ ಮರ ಕುಗ್ಗಿ, ತಾವಾಗಿಯೇ ಜಾರಿ, ನಾಲ್ಕೂ ತಂತಿಗಳು ಸಡಿಲವಾಗಿ ಬಿದ್ದಿದ್ದವು. ಯಾರೂ ಮುಟ್ಟಿರಲಿಲ್ಲ, ಆದರೆ ಅತ್ತೆ ಅಲ್ಲಿರಲಿಲ್ಲ. ಅವಳು ಸತ್ತ ದಿನ ಬಾರದ ಅಳು ಅಂದು ಬಂತು. ಪರರ ಮನೆಯ ಹೂವಿನ ಕಾರ್ಪೆಟ್ಟಿನ ಮೇಲೆ ಕೂತು, ಸದ್ದಾಗದಂತೆ ಕೌದಿಗೆ ಬಾಯಿಟ್ಟು ಅತ್ತುಬಿಟ್ಟೆ.

ಹಾಡುವ ದಿನ ಚಳಿಗೆ ಗಂಟಲು ಕಟ್ಟಿತ್ತು. ಕಪ್ಪು ಐದು ಕನಸಿನ ಮಾತು. ಬಿರಡೆಗಳಿಗೆ ಸೀಮೆಸುಣ್ಣ ಸವರಿ, ಮೊದಲ ಸಲ ಅವುಗಳನ್ನು ನಾನೇ ತಿರುವಿ, ನನ್ನ ಗಂಟಲು ಕೂರುವ, ತಗ್ಗಿನ ಬಿಳಿ ಐದಕ್ಕೆ ನಿಲ್ಲಿಸಿದೆ. ಹಾಡಿದೆ. ದನಿ ಎಲ್ಲೂ ತಡವರಿಸಲಿಲ್ಲ. ಅಷ್ಟು ವರ್ಷ ಯಾರದೋ ಅಳತೆಯ ರವಿಕೆ ತೊಟ್ಟು ಉಸಿರು ಬಿಗಿಹಿಡಿದಿದ್ದೆ ಎಂದು ಅಂದು ಗೊತ್ತಾಯಿತು. ಖುಷಿಯಾಯಿತು. ಖುಷಿಯಾಯಿತೆಂದು ಹೆದರಿಕೆಯೂ ಆಯಿತು, ಏಕೆಂದರೆ ಮನೆಯಲ್ಲಿ ಅಪ್ಪ ಕಾಯುತ್ತಿದ್ದರು.

ತಿರುಗಿ ಬಂದ ಮರುದಿನ ಬೆಳಿಗ್ಗೆ, ನಾನು ಏಳುವ ಮೊದಲೇ ಅಪ್ಪ ತಂಬೂರಿಯನ್ನು ಪೆಟ್ಟಿಗೆಯಿಂದ ತೆಗೆದು ಅದರ ಮೂಲೆಗೆ ಒರಗಿಸಿದ್ದರು. ಚಹಾದ ಲೋಟ ಕೈಯಲ್ಲಿತ್ತು. "ಅಕ್ಕಾ" ಎಂದರು. ಕಾದರು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಅಕ್ಕಾ" ಎಂದರು. ಮೂಲೆಯಲ್ಲಿ ಸದ್ದೇ ಇಲ್ಲ.

ನಾನು ಹೋಗಿ ಪಕ್ಕದಲ್ಲಿ ನಿಂತೆ. ಬಿರಡೆ ಜಾರಿದ್ದನ್ನು, ನನ್ನ ಶ್ರುತಿಗೆ ಕೂಡಿಸಿದ್ದನ್ನು ಹೇಳಿದೆ. "ಅತ್ತೆ ಶ್ರುತಿ ನಂಗ ಬಾಯಿಪಾಠ ಅದ ಅಪ್ಪಾ. ಈಗ ಏರಿಸಿಬಿಡ್ತೀನಿ. ಮೊದಲಿನಂಗ ಆಗ್ತದ."

ಅಪ್ಪ ತಲೆ ಅಲ್ಲಾಡಿಸಿದರು. "ಬ್ಯಾಡವಾ. ನೀ ಏರಿಸಿದ್ರ ಓಗೊಡಾಕಿ ನೀನ ಆಗ್ತಿ."

ತಣ್ಣಗಾದ ಚಹಾ ಕುಡಿದು ಕಚೇರಿಗೆ ಹೋದರು. ಮತ್ತೆಂದೂ ಆ ಬಾಗಿಲಲ್ಲಿ ನಿಲ್ಲಲಿಲ್ಲ. ಅತ್ತೆಯನ್ನು ಮಣ್ಣು ಮಾಡಿದ ದಿನಕ್ಕಿಂತ ಆ ದಿನವೇ ಅವರು ಹೆಚ್ಚು ಮುದುಕರಾಗಿ ಕಂಡರು.

ಕೆಲವು ದಿನಗಳ ನಂತರ ಒಂದು ಸಂಜೆ, ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ನನ್ನನ್ನು ಅಪ್ಪ ಪಡಸಾಲೆಯಿಂದ ಹೆಸರು ಹಿಡಿದು ಕರೆದರು. ನಾನು ಒಳಗೆ ಬಂದಾಗ ಅವರು ಅತ್ತೆಯ ಕೋಣೆಯ ಕಡೆ ನೋಡುತ್ತಾ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ಒಳಗಿನ ತಂಬೂರಿ ಇನ್ನೂ ಝೇಂಕರಿಸುತ್ತಿತ್ತು. ನನ್ನನ್ನು ಕರೆದದ್ದಕ್ಕೆ, ನಾನು ಬರುವ ಮೊದಲೇ, ಸತ್ತ ಅತ್ತೆಯ ಬದಲು ಓಗೊಡುತ್ತಿದ್ದ ಹಾಗೇ, ಅದು ಓಗೊಟ್ಟಿತ್ತು.

ಅಪ್ಪ ಇದ್ದಷ್ಟು ದಿನ ಆಮೇಲೆ ನನ್ನನ್ನು ಗಟ್ಟಿಯಾಗಿ ಹೆಸರು ಹಿಡಿದು ಕರೆಯಲಿಲ್ಲ. ನಾನಿದ್ದಲ್ಲಿಗೇ ಬಂದು, ಭುಜ ಮುಟ್ಟಿ ಮಾತಾಡುತ್ತಿದ್ದರು.

ತಂಬೂರಿ ಈಗ ನನ್ನ ಬಸವೇಶ್ವರನಗರದ ಮನೆಯಲ್ಲಿದೆ, ಬಿಳಿ ಐದರಲ್ಲೇ ಇದೆ. ನನ್ನ ಮಗಳಿಗೆ ಸಂಗೀತ ಬರುವುದಿಲ್ಲ, ಆದರೆ ಬಿರಡೆ ಯಾವ ಕಡೆ ತಿರುವಿದರೆ ತಂತಿ ಇಳಿಯುತ್ತದೆ ಎಂದು ಕಲಿಸಿಟ್ಟಿದ್ದೇನೆ. ನಾನು ಹೋದ ದಿನ, ನೆಂಟರಿಗೆ ಹೇಳಿ ಕಳಿಸುವ ಮೊದಲು, ನಾಲ್ಕೂ ತಂತಿ ಸಡಿಲ ಮಾಡು ಎಂದಿದ್ದೇನೆ. ಆಮೇಲೆ ಬಾಗಿಲಲ್ಲಿ ನಿಂತು ಅಮ್ಮಾ ಅನ್ನು, ಎಷ್ಟು ಸಲ ಬೇಕಾದರೂ ಅನ್ನು.