ನಂದು ಬರೀ ಶುಗರ್

ನನಗೆ ಎಚ್‌ಐವಿ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದೆ ಇಟ್ಟುಕೊಂಡರೆ ಜನ ಅದನ್ನೇ ಕೆದಕುತ್ತಾ ಕೂರುತ್ತಾರೆ, ಕಥೆಗೆ ಕಿವಿ ಕೊಡುವುದಿಲ್ಲ. ಮಾತ್ರೆ ನುಂಗುತ್ತೇನೆ, ಗಟ್ಟಿಮುಟ್ಟಾಗಿದ್ದೇನೆ, ಬಾಯಂತೂ ಇನ್ನೂ ಗಟ್ಟಿ. ಆ ಬಾಯಿ ನೋಡಿಯೇ ನನ್ನನ್ನು ಉಸ್ತುವಾರಿ ತಂಡಕ್ಕೆ ಸೇರಿಸಿಕೊಂಡಿದ್ದು. ತಂಡದಲ್ಲಿ ಇರುವವರೆಲ್ಲ ಎಚ್‌ಐವಿ ಇರುವವರೇ. ಆಸ್ಪತ್ರೆಗಳಲ್ಲಿ ನಮ್ಮವರಿಗೆ ಮಾತ್ರೆ ಸರಿಯಾಗಿ ಸಿಗುತ್ತಿದೆಯೇ, ಸಿಬ್ಬಂದಿ ಮುಖ ಸಿಂಡರಿಸದೆ ಮಾತಾಡುತ್ತಾರೆಯೇ ಎಂದು ನೋಡಿ, ಸರಿಯಿಲ್ಲದ್ದನ್ನು ದೊಡ್ಡ ಡಾಕ್ಟರ ಮುಂದೆ ಹೇಳುವುದು ನಮ್ಮ ಕೆಲಸ.

ಸುತ್ತಾಡಿದಾಗ ಮೊದಲು ತಿಳಿದದ್ದು, ನಮ್ಮವರು ಯಾರೂ ಸ್ವಂತ ಊರಿನಲ್ಲಿ ಮಾತ್ರೆ ತೆಗೆದುಕೊಳ್ಳುವುದಿಲ್ಲ ಎಂದು. ಮಾಲೂರಿನವರು ಮುಳಬಾಗಿಲಿಗೆ ಹೋಗುತ್ತಾರೆ, ಮುಳಬಾಗಿಲಿನವರು ಶ್ರೀನಿವಾಸಪುರಕ್ಕೆ. ಪರಿಚಯದವರು ನೋಡಬಾರದಲ್ಲ! ಕೊನೆಗೆ ಎಲ್ಲರೂ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮುಖಾಮುಖಿಯಾಗಿ, ನೆಂಟರ ಮನೆಗೆ ಹೊರಟೆವೆಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಬಸ್ಸು ಹತ್ತುತ್ತಾರೆ.

ಹೀಗೆ ದೂರದಿಂದ ಬರುತ್ತಿದ್ದವರಲ್ಲಿ ಲಕ್ಕೂರು ಕಡೆಯ ಒಬ್ಬ ಹುಡುಗಿ ಇದ್ದಳು. ಗಂಡ ತೀರಿಕೊಂಡಿದ್ದ, ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದಳು. ಇದ್ದಕ್ಕಿದ್ದಂತೆ ಮಾತ್ರೆಗೆ ಬರುವುದನ್ನೇ ಬಿಟ್ಟಳು. ಹುಡುಕಿಕೊಂಡು ಹೋದರೆ ಕಡ್ಡಿಯಂತಾಗಿ ಕೆಮ್ಮುತ್ತಾ ಕೂತಿದ್ದಾಳೆ. "ಆ ಕಿಟಕಿ ಮುಂದೆ ನಿಂತ್ರೆ ಎಲ್ರಿಗೂ ಗೊತ್ತಾಯ್ತದೆ ಅಕ್ಕ. ಫ್ಯಾಕ್ಟರಿ ವ್ಯಾನಲ್ಲಿ ನನ್ ಪಕ್ಕ ಯಾರೂ ಕೂರಲ್ಲ ಆಮೇಲೆ," ಎಂದಳು. ಮಾತ್ರೆ ಬಿಟ್ಟರೆ ಜೀವಕ್ಕೇ ಬರುತ್ತದೆ ಎಂದು ಬೈದೆ. ಬೈದರೇನು, ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಆಸ್ಪತ್ರೆಯಲ್ಲಿ ನಮ್ಮ ಮಾತ್ರೆಗೆ ಮೂಲೆಯಲ್ಲೊಂದು ಬೇರೆ ಕಿಟಕಿ ಇತ್ತು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಅಲ್ಲಿನ ಡಾಕ್ಟರು ಪಾಪದವರು. ಕಿಟಕಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಅದರ ಜಾತಕ ಗೊತ್ತಿತ್ತು.

ನಮ್ಮ ತಂಡ ಒಂದು ಉಪಾಯ ಹೂಡಿತು. ಶುಗರ್, ಬಿಪಿ ಮಾತ್ರೆಗಳನ್ನೂ ಅದೇ ಕಿಟಕಿಯಲ್ಲಿ ಕೊಟ್ಟರೆ ಯಾರಿಗೆ ಯಾವ ಕಾಯಿಲೆ ಎಂದು ಗೊತ್ತಾಗುವುದು ಹೇಗೆ? ಡಾಕ್ಟರು ಒಪ್ಪಿದರು. ನಾವು ಬೀಗುತ್ತಾ ಹೋಗಿ ಹುಡುಗಿಯನ್ನು ಸಮಾಧಾನ ಮಾಡಿ ಕರೆದುಕೊಂಡು ಬಂದೆವು.

ಬಂದು ನೋಡಿದರೆ ಕ್ಯೂನಲ್ಲಿ ಸಂತೆಯ ಗದ್ದಲ. ಎಲ್ಲರಿಗಿಂತ ಮುಂದೆ ಒಬ್ಬ ತಾತ. ಶ್ರೀನಿವಾಸಪುರದ ರಸ್ತೆಯಲ್ಲಿ ಮಾವಿನ ಮಂಡಿ ಇಟ್ಟವರು. ಹರಾಜು ಕೂಗಿ ಕೂಗಿ ಪಳಗಿದ ಗಂಟಲು. "ನಂದು ಬರೀ ಶುಗರ್ ಕಣ್ರಪ್ಪೋ! ಬರೀ ಶುಗರ್!" ಎಂದು ಟೀ ಅಂಗಡಿಯ ಕಡೆ ತಿರುಗಿ ಸಾರುತ್ತಿದ್ದರು. ಅವರ ಹಿಂದಿನ ಹೆಂಗಸು, "ನಂಗೆ ಬಿಪಿ, ಚೀಟಿ ನೋಡ್ಕೊಳ್ರಿ!" ಎಂದಳು. ಅವಳ ಹಿಂದಿನವನು ತನಗೆ ಎರಡೂ ಇದೆಯೆಂದು ಜಂಬದಿಂದ ಹೇಳಿಕೊಂಡ. ಶುಗರ್, ಬಿಪಿ ಇರುವವರೆಲ್ಲ ಹೀಗೆ ಕೂಗಿದ ಮೇಲೆ, ಬಾಯಿ ಮುಚ್ಚಿಕೊಂಡು ನಿಂತವರು ಯಾರು ಎಂದು ಲೆಕ್ಕ ಹಾಕಲು ಪಂಡಿತರೇ ಬೇಕಿರಲಿಲ್ಲ. ನಮ್ಮ ಬುದ್ಧಿವಂತಿಕೆಗೆ ಬೆಂಕಿ ಬಿತ್ತು.

ಎಲ್ಲರ ಕಣ್ಣೂ ಹುಡುಗಿಯ ಮೇಲೆ ತಿರುಗಿತು. ಈಗ ಓಡಿಹೋಗುತ್ತಾಳೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ನಾನು ಅವಳ ತೋಳು ಹಿಡಿಯಲು ಹೋದೆ. ಅವಳು ಕಣ್ಣು ಮುಚ್ಚಿಕೊಂಡು, "ನಂದೂ ಶುಗರ್!" ಎಂದು ಕಿರುಚಿದಳು.

"ಎಷ್ಟೈತಮ್ಮಾ?" ಎಂದರು ತಾತ.

ಶುಗರ್ ಎಷ್ಟಿರುತ್ತದೆ ಎಂದು ಅವಳಿಗೇನು ಗೊತ್ತು? ಬಾಯಿಗೆ ಬಂದದ್ದು ಹೇಳಿದಳು. "ಒಂಬೈನೂರು."

ಕ್ಯೂನಲ್ಲಿದ್ದವರೆಲ್ಲ ಕತ್ತು ಚಾಚಿದರು. ತಾತ ಹೆಗಲ ಮೇಲಿನ ಟವಲು ತೆಗೆದು, "ಅಯ್ಯೋ ದೇವುಡಾ! ಒಂಬೈನೂರಂತೆ! ಇನ್ನೂ ನಿಂತವ್ಳಲ್ರೋ! ದಾರಿ ಬಿಡ್ರೋ!" ಎಂದು ಅವಳಿಗೆ ಗಾಳಿ ಹಾಕುತ್ತಾ ಕಿಟಕಿಯ ಮುಂದಕ್ಕೆ ಕರೆದೊಯ್ದರು. ಯಾವ ದೊಡ್ಡವರ ಶಿಫಾರಸೂ ಇಲ್ಲದೆ ಹುಡುಗಿಗೆ ಎಲ್ಲರಿಗಿಂತ ಮೊದಲು ಮಾತ್ರೆ ಸಿಕ್ಕಿತು. ನಾನು ನಗು ತಡೆಯಲಾರದೆ ಗೋಡೆ ಕಡೆ ತಿರುಗಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡೆ.

ಅಂದಿನಿಂದ ತಾತ ಅವಳನ್ನು ದತ್ತು ತೆಗೆದುಕೊಂಡಂತೆ ಆಡತೊಡಗಿದರು. ಬಂದಾಗಲೆಲ್ಲ ಬಾಟಲಿಯಲ್ಲಿ ಹಾಗಲಕಾಯಿ ರಸ ತಂದು ಎದುರಿಗೇ ಕುಡಿಸುತ್ತಿದ್ದರು. ನೇರಳೆ ಬೀಜದ ಪುಡಿ, ನೆನೆಸಿದ ಮೆಂತ್ಯ, ಒಂದಾದ ಮೇಲೆ ಒಂದು. ಅವಳು ಒಮ್ಮೆಯೂ ತಪ್ಪಿಸದೆ ಮಾತ್ರೆ ತೆಗೆದುಕೊಂಡಳು. ಕೆಮ್ಮು ಹೋಯಿತು, ಕೆನ್ನೆ ತುಂಬಿಕೊಂಡಿತು. "ನೋಡಿದ್ರಾ ನನ್ ಹಾಗಲಕಾಯಿ!" ಎಂದು ತಾತ ಕ್ಯೂಗೆಲ್ಲ ಸಾರಿದರು. ಗುಣ ಮಾಡಿದ್ದು ನಮ್ಮ ಮಾತ್ರೆ, ಹೆಸರು ಮಾತ್ರ ಹಾಗಲಕಾಯಿಗೆ!

ಮಾವಿನ ಕಾಲ ಬಂತು. ಒಂದು ದಿನ ಮಾತ್ರೆ ತೆಗೆದುಕೊಂಡು ಹೊರಟ ನಮ್ಮಿಬ್ಬರನ್ನೂ ತಾತ ಮಂಡಿಗೆ ಕರೆದರು. ರಾಶಿ ರಾಶಿ ಬಾದಾಮಿ ಹಣ್ಣು, ಮಂಡಿ ತುಂಬಾ ಘಮ. ಹುಡುಗಿಯ ತಲೆ ಸವರಿ, "ನಿಂಗೆ ಬೇಡ ಕಣಮ್ಮ, ನಿಂದು ಒಂಬೈನೂರು," ಎಂದರು. ನನ್ನ ವಿಷಯ ಊರಿಗೇ ಗೊತ್ತು, ಅವರಿಗೂ ಗೊತ್ತು. ನನಗೊಂದು ಹಣ್ಣು ಆರಿಸಿದರು, ಆದರೆ ಕೈಗೆ ಕೊಡಲಿಲ್ಲ. ದೂರದ ಒಂದು ಕ್ರೇಟಿನ ಮೇಲಿಟ್ಟು, "ತಗೋ" ಎಂದು ಹಿಂದೆ ಸರಿದರು. ಇಂಥದ್ದೆಲ್ಲ ನನಗೆ ಅಭ್ಯಾಸ. ಅಭ್ಯಾಸವಾದರೂ ನೋವಾಗುತ್ತದೆ, ಅದೇನೂ ಸುಳ್ಳಲ್ಲ.

ಹುಡುಗಿ ಅದನ್ನು ನೋಡಿದಳು. ನೇರ ಹೋಗಿ ಆ ಹಣ್ಣು ತೆಗೆದು ಸಿಪ್ಪೆ ಸಮೇತ ಕಚ್ಚಿದಳು.

"ಏಯ್, ಸಾಯ್ತೀಯ ಕಣೇ!" ಎಂದು ತಾತ ಓಡಿಬಂದು ಅವಳ ಕೈ ಹಿಡಿದುಕೊಂಡರು.

"ಸಾಯಲ್ಲ ತಾತ. ನಂಗೆ ಶುಗರ್ ಇಲ್ಲ. ಅಕ್ಕಂಗಿರೋದೇ ನಂಗೂ ಇರೋದು."

ಹಣ್ಣು ತುಂಬುತ್ತಿದ್ದ ಆಳುಗಳು ಕೈ ನಿಲ್ಲಿಸಿದರು. ಈಗ ಕೈ ಬಿಡುತ್ತಾರೆ, ಹೋಗಿ ಸೋಪು ಹಾಕಿ ತೊಳೆಯುತ್ತಾರೆ ಎಂದು ನಾನು ಕಾದೆ. ಹುಡುಗಿಯೂ ಕಾದಳು, ಅವಳ ಗಲ್ಲದಿಂದ ರಸ ತೊಟ್ಟಿಕ್ಕುತ್ತಿತ್ತು. ತಾತ ಹಿಡಿದ ಕೈಯನ್ನೇ ನೋಡುತ್ತಾ ನಿಂತುಬಿಟ್ಟರು.

"ಶುಗರ್ ಇಲ್ವಾ?"

"ಇಲ್ಲ."

"ಚೂರೂ ಇಲ್ವಾ?"

"ಇಲ್ಲ ತಾತ."

"ಮತ್ತೆ ಅಷ್ಟು ಹಾಗಲಕಾಯಿ ರಸ ಯಾಕಮ್ಮಾ ಕುಡಿದೆ?"

"ನೀವು ಪ್ರೀತಿಯಿಂದ ತರ್ತಿದ್ರಲ್ಲ, ಅದಕ್ಕೆ," ಎಂದು ಹುಡುಗಿ ಅತ್ತುಬಿಟ್ಟಳು.

ತಾತ ಆಳುಗಳಿಗೆ, "ಏನ್ಲಾ ನೋಡ್ತೀರ, ಕೆಲ್ಸ ನೋಡ್ರೋ!" ಎಂದು ಗದರಿದರು. ಮತ್ತೊಂದು ಹಣ್ಣು ಆರಿಸಿ ಕೊಯ್ದರು. ಒಂದು ಹೋಳು ಅವಳ ಕೈಗೆ ಕೊಟ್ಟರು. ಇನ್ನೊಂದನ್ನು ಹಿಡಿದು ದೂರದ ಆ ಕ್ರೇಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ನನ್ನ ಅಂಗೈ ಬಿಡಿಸಿ, ಅದರಲ್ಲಿಟ್ಟರು. ಹೆದರಿಕೆ ಪೂರ್ತಿ ಹೋಗಿರಲಿಲ್ಲ, ಆದರೂ ಕೊಟ್ಟರು. ಬಾಯಿಬಡುಕಿ ನಾನು, ಮಾತು ಬಿಟ್ಟು ಹೋಳನ್ನು ಬಾಯಿಗಿಟ್ಟುಕೊಂಡೆ.

ತಾತ ಖಾಲಿ ಕ್ರೇಟಿನ ಮೇಲೆ ಕೂತು ನಾವು ತಿನ್ನುವುದನ್ನೇ ಆಸೆಯಿಂದ ನೋಡಿದರು.

"ಹೆಂಗೈತೆ? ನಂಗಂತೂ ತಿನ್ನೋ ಹಂಗಿಲ್ಲ. ನೀವಾದ್ರೂ ಹೇಳ್ರಮ್ಮಾ."